ಇಪ್ಪತ್ತೊಂದರಲ್ಲಿ ಐದು

ನನಗೆ ಗಣಿತಕ್ಕಿಂತ ಮೊದಲು ಬಂದದ್ದು ಅನುಮಾನ. ಕುಕ್ಕುವಾಡದ ನಮ್ಮ ಕಣದಲ್ಲಿ ಅಪ್ಪ ಜೋಳದ ರಾಶಿ ಅಳೆಯುವಾಗ ‘ಲಾಭ, ಎರಡು, ಮೂರು’ ಎಂದು ಎಣಿಸುತ್ತ ಹೋಗುತ್ತಿದ್ದ. ಒಂದು ಎನ್ನುವ ಕಡೆ ಲಾಭ ಎನ್ನುವುದು ನಮ್ಮ ಕಡೆಯ ಪದ್ಧತಿ. ಅಪ್ಪ ಎಲ್ಲಿ ಒಂದು ಅಳತೆ ಹಾರಿಸಿಬಿಡುತ್ತಾನೋ ಎಂದು ನಾನು ಪಕ್ಕದಲ್ಲಿ ಕೂತು ಅಳತೆಗೊಂದು ಕಡ್ಡಿ ಇಡುತ್ತಿದ್ದೆ. ‘ಹೆತ್ತಪ್ಪನ ಮ್ಯಾಲೂ ಕಾವಲು ಕೂಡ್ತೀಯೇನೋ’ ಎಂದು ಅವ್ವ ಬೈಯುತ್ತಿದ್ದಳು. ಆ ಕಡ್ಡಿಗಳೇ ಮುಂದೆ ಕಪ್ಪು ಹಲಗೆಯ ಮೇಲೆ ಸೀಮೆಸುಣ್ಣದ ಗೆರೆಗಳಾದವು. ಆ ಗುಣ ಮಾತ್ರ ಬದಲಾಗಲಿಲ್ಲ.

ಐವತ್ತರ ದಶಕದ ಮೊದಲಲ್ಲಿ ನಾನು ದಾವಣಗೆರೆಯ ಒಂದು ಮಾಧ್ಯಮಿಕ ಶಾಲೆಗೆ ಗಣಿತದ ಮೇಷ್ಟ್ರಾಗಿ ಸೇರಿದೆ. ಈಗ ಈ ಕೆಲಸಕ್ಕೆ ಬರುತ್ತಿರುವ ಹುಡುಗ ಹುಡುಗಿಯರು ನನ್ನನ್ನು ಕೇಳುವುದು ಒಂದೇ: ಎಷ್ಟು ವರ್ಷಕ್ಕೆ ಬಡ್ತಿ ಬಂತು, ಯಾವಾಗ ಹೆಡ್‌ಮೇಷ್ಟ್ರಾದಿರಿ. ಅದು ಸರ್ವೀಸ್ ಪುಸ್ತಕದಲ್ಲಿದೆ, ಬೇಕಾದವರು ನೋಡಿಕೊಳ್ಳಲಿ. ಅದರಲ್ಲಿ ಬರೆಯದೆ ಉಳಿದದ್ದನ್ನು ನಾನಿಲ್ಲಿ ಬರೆಯುತ್ತೇನೆ.

ಮೊದಲ ವರ್ಷ ನನ್ನ ಕಣ್ಣಿಗೆ ಇಡೀ ತರಗತಿಯೇ ಸುಳ್ಳು ಹೇಳುತ್ತಿತ್ತು. ಗಿರಣಿಯ ಸೈರನ್ ಕೇಳಲಿಲ್ಲ, ಅದಕ್ಕೇ ತಡವಾಯಿತು ಎನ್ನುವವನನ್ನು ನಂಬಲಿಲ್ಲ. ಸೈರನ್ ಕೇಳಿಯೇ ಬಂದೆ ಎನ್ನುವವನನ್ನೂ ನಂಬಲಿಲ್ಲ. ಹಾಲಮ್ಮ ಎಂಬ ಹುಡುಗಿ ಹದಡಿಯಿಂದ ದಿನಾ ನಡೆದು ಬರುತ್ತೇನೆ ಎಂದಾಗ, ಇಷ್ಟು ಸಣ್ಣ ಕಾಲಿಗೆ ಅಷ್ಟು ದೂರವೇ ಎಂದು ಅನುಮಾನಪಟ್ಟು, ಒಂದು ಭಾನುವಾರ ಸೈಕಲ್ ತುಳಿದುಕೊಂಡು ಮೈಲಿಗಲ್ಲು ಎಣಿಸುತ್ತ ಹೋದೆ. ಅವಳ ಮನೆಯ ಅಂಗಳದಲ್ಲಿ ಅವಳಪ್ಪ ಎತ್ತಿಗೆ ನೀರು ಕುಡಿಸುತ್ತಿದ್ದರು.

‘ಏನ್ ಮೇಷ್ಟ್ರೇ, ಈ ಬಿಸಿಲಾಗೆ?’

‘ಏನಿಲ್ಲ, ನಿಮ್ಮ ಹುಡುಗಿ ಎಷ್ಟು ದೂರ ನಡೀತಾಳೆ ಅಂತ ನೋಡಾಕ ಬಂದೆ.’

ಅವರು ನನ್ನನ್ನೂ ಸೈಕಲ್ಲನ್ನೂ ಒಂದು ಗಳಿಗೆ ನೋಡಿದರು. ‘ಹಂಗಾರೆ ಸೈಕಲ್ ಯಾಕ್ ತಂದ್ರಿ? ನಡಕಂತ ಬರಬೇಕಿತ್ತು’ ಎಂದರು. ಮಜ್ಜಿಗೆ ಕೊಟ್ಟರು. ಕುಡಿದು ವಾಪಸು ಬಂದೆ. ಹುಡುಗಿ ಹೇಳಿದ ಮೈಲಿ ಸರಿಯಾಗಿತ್ತು.

ಆ ಸೋಲಿನಿಂದ ಒಂದು ಉಪಯೋಗವಾಯಿತು. ಆ ಕಾಲಕ್ಕೆ ಗಣಿತದ ಪುಸ್ತಕದ ಕೊನೆಯಲ್ಲಿ ಅಂಕಿಅಂಶದ ಒಂದು ಸಣ್ಣ ಪಾಠ ಹೊಸದಾಗಿ ಸೇರಿತ್ತು. ಹೊಸದು, ಅದೂ ಕೊನೆಯಲ್ಲಿದೆ ಎಂದಮೇಲೆ ಬಹಳ ಕಡೆ ಅದನ್ನು ಬಿಟ್ಟೇ ಬಿಡುತ್ತಿದ್ದರು. ಎಲ್ಲರೂ ಬಿಡುತ್ತಿದ್ದಾರೆ ಎಂದರೆ ಅದರಲ್ಲಿ ಏನೋ ಇರಬೇಕು ಎಂಬ ಅನುಮಾನ ನನಗೆ. ಹಾಗಾಗಿ ನಾನು ಅದನ್ನು ಬಿಡಲಿಲ್ಲ. ಪ್ರತಿ ಮಗುವೂ ಮನೆಯಿಂದ ಎಷ್ಟು ಮೈಲಿ ನಡೆದು ಬರುತ್ತದೆ ಎಂದು ಕೇಳಿ, ಹಲಗೆಯ ಮೇಲೆ ನಾಲ್ಕು ನಿಂತ ಗೆರೆ, ಐದನೆಯದು ಅಡ್ಡಗೆರೆ ಹಾಕುತ್ತ ಹೋಗುತ್ತಿದ್ದೆ. ಒಂದು ಮೈಲಿಯೊಳಗೆ ಇಷ್ಟು ಮಂದಿ, ಒಂದರಿಂದ ಎರಡರೊಳಗೆ ಇಷ್ಟು ಮಂದಿ. ಪುಸ್ತಕದಲ್ಲಿ ಇದಕ್ಕೆ ಆವೃತ್ತಿ ಎಂದು ಹೆಸರು.

ಮುಂದಿನ ಎರಡು ಹೆಸರುಗಳು ಇನ್ನೂ ಗಡುಸು, ಸಾಪೇಕ್ಷ ಆವೃತ್ತಿ ಮತ್ತು ಸಂಚಿತ ಆವೃತ್ತಿ. ಮಕ್ಕಳು ಬಾಯಿಪಾಠ ಮಾಡಿ ಒಪ್ಪಿಸುತ್ತಿದ್ದರು, ತಲೆಗೆ ಮಾತ್ರ ಹೋಗುತ್ತಿರಲಿಲ್ಲ. ಅದಕ್ಕೆ ನಾನು ಎರಡು ಪ್ರಶ್ನೆ ಮಾಡಿಕೊಂಡೆ. ಸಾಪೇಕ್ಷಕ್ಕೆ ‘ಎಷ್ಟರಾಗ ಎಷ್ಟು?’ ಸಂಚಿತಕ್ಕೆ ‘ಇಲ್ಲೀತನ ಎಷ್ಟು?’ ಹತ್ತು ಮಂದಿ ನಪಾಸು ಎಂದು ಯಾರಾದರೂ ಹೇಳಿದರೆ ಬೆಚ್ಚಬೇಡಿ, ಎಷ್ಟರಾಗ ಅಂತ ಕೇಳಿ ಎನ್ನುತ್ತಿದ್ದೆ. ಹನ್ನೆರಡರಲ್ಲಿ ಹತ್ತಾದರೆ ಮೇಷ್ಟ್ರನ್ನು ಹಿಡಿಯಿರಿ, ಇನ್ನೂರರಲ್ಲಿ ಹತ್ತಾದರೆ ಸುಮ್ಮನೆ ಮನೆಗೆ ಹೋಗಿ. ಸಂಚಿತದ ಸಾಲಿನಲ್ಲಿ ಮೇಲಿನ ಮನೆಯದನ್ನು ಕೆಳಗಿನ ಮನೆಗೆ ಕೂಡಿಸುತ್ತ ಇಳಿಯಬೇಕು, ಆ ಸಂಖ್ಯೆ ಬೆಳೆಯುತ್ತದೆ, ಇಲ್ಲವೇ ಇದ್ದಲ್ಲೇ ನಿಲ್ಲುತ್ತದೆ, ಎಂದಿಗೂ ಕಡಿಮೆಯಾಗುವುದಿಲ್ಲ ಎಂದು ಮೇಜು ಕುಟ್ಟಿ ಹೇಳುತ್ತಿದ್ದೆ. ಕಡಿಮೆಯಾಗಿದ್ದರೆ ಎಲ್ಲೋ ಯಾರೋ ತಪ್ಪು ಮಾಡಿದ್ದಾರೆ ಎಂದು ತಿಳಿಯಿರಿ ಎನ್ನುತ್ತಿದ್ದೆ.

ಕೆಲವು ವರ್ಷಗಳಾದ ಮೇಲೆ ಹರಿಹರದ ಒಂದು ಶಾಲೆಯಲ್ಲಿ ಗಣಿತದವರಿಲ್ಲ ಎಂದು ನನ್ನನ್ನು ವಾರಕ್ಕೆ ಮೂರು ದಿನ ಅಲ್ಲಿಗೆ ಹಾಕಿದರು. ಮೂರು ದಿನ ದಾವಣಗೆರೆ, ಮೂರು ದಿನ ಪ್ಯಾಸೆಂಜರ್ ರೈಲು ಹತ್ತಿ ಹರಿಹರ. ನನ್ನನ್ನು ದಾವಣಗೆರೆಯಿಂದ ದೂರ ಇಡುವುದಕ್ಕೆ ಯಾರೋ ಮಾಡಿದ ಹಂಚಿಕೆ ಎಂದು ಆರು ತಿಂಗಳು ನಂಬಿದ್ದೆ. ಯಾರು, ಯಾಕೆ ಎಂಬುದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ.

ಹರಿಹರದ ಶಾಲೆ ಹೊಳೆಯ ಕಡೆಯ ಬೀದಿಯಲ್ಲಿತ್ತು. ಒಂದೇ ಉದ್ದನೆಯ ಕೋಣೆಯನ್ನು ಬಿದಿರು ತಟ್ಟಿ ನಿಲ್ಲಿಸಿ ಎರಡು ಮಾಡಿದ್ದರು. ತಟ್ಟಿಯ ಈ ಕಡೆ ನಾನು, ಆ ಕಡೆ ಗೌರಮ್ಮ ಎಂಬ ಅಕ್ಕೋರು ಕನ್ನಡ ಮತ್ತು ಹೊಲಿಗೆ ಕಲಿಸುತ್ತಿದ್ದರು. ನನಗಿಂತ ಹಿರಿಯರು, ಮೂವತ್ತೇಳು ವರ್ಷವಾದ ಮೇಲೆ ಕೆಲಸಕ್ಕೆ ಸೇರಿದವರು. ಆರು ವರ್ಷದಿಂದ ಹಂಗಾಮಿಯಾಗಿಯೇ ಇದ್ದರು. ಅಂದರೆ ವರ್ಷವರ್ಷವೂ ಮೇಲಿನವರು ಮುಂದುವರಿಸಿದರೆ ಕೆಲಸ, ಇಲ್ಲದಿದ್ದರೆ ಇಲ್ಲ. ಆ ವರ್ಷ ಕಾಯಂ ಮಾಡುವ ಪಟ್ಟಿಯಲ್ಲಿ ಅವರ ಹೆಸರು ಹೋಗಿತ್ತು. ಕಾಯಂ ಆದರೆ ಹಿಂದಿನ ಆರು ವರ್ಷವೂ ಪಿಂಚಣಿಯ ಸೇವೆಗೆ ಸೇರಿ ಎಣಿಕೆಯಾಗುತ್ತಿತ್ತು. ಕಪ್ಪು ಚುಕ್ಕೆ ಬೀಳದೆ ಮಾರ್ಚ್ ದಾಟಿದರೆ ಸಾಕಾಗಿತ್ತು.

ಅವರ ಮೇಲೂ ನನಗೊಂದು ಅನುಮಾನ. ನಾನು ಪಾಠ ಮಾಡುವಾಗ ತಟ್ಟಿಯ ಆ ಕಡೆ ಸದ್ದೇ ಇರುತ್ತಿರಲಿಲ್ಲ. ಹೊಲಿಗೆ ತರಗತಿಯಲ್ಲಿ ಸದ್ದಿಲ್ಲ ಎಂದರೆ ಏನರ್ಥ? ಒಂದು ದಿನ ಕೇಳಿಯೇಬಿಟ್ಟೆ.

‘ಅಕ್ಕೋರೇ, ನಾನು ಪಾಠ ಮಾಡೋವಾಗ ನೀವು ಮಾಡೋದೇ ಇಲ್ಲೇನು?’

‘ಹುಡುಗ್ಯಾರು ಹೊಲಿಗಿ ಹಾಕ್ತಿರ್ತಾರೆ. ನಾನು ನಿಮ್ದು ಕೇಳ್ತಿರ್ತೀನಿ’ ಎಂದರು ನಗುತ್ತ. ‘ಚಲೋ ಐತ್ರೀ ನಿಮ್ಮ ಎಷ್ಟರಾಗ ಎಷ್ಟು. ನಮ್ಮನ್ಯಾಗೆ ಬ್ಯಾಳಿ ಆರಿಸ್ತಾ ಅದೇ ಕೇಳ್ತೀನಿ, ಸೇರಿನಾಗ ಎಷ್ಟು ಹುಳ ಅಂತ.’

ನನ್ನ ಪಾಠ ಕದ್ದು ಯಾರಿಗೆ ಮುಟ್ಟಿಸುತ್ತಾರೋ ಎಂದು ಆಗ ಯೋಚಿಸಿದೆ. ಇದನ್ನು ಬರೆಯುವಾಗ ನಾಚಿಕೆಯಾಗುತ್ತದೆ.

ಆ ವರ್ಷದ ಮಳೆಗಾಲ ಕಳೆದ ಮೇಲೆ, ಹರಿಹರದಲ್ಲಿ ನಾನು ಇದೇ ಪಾಠ ಮಾಡುತ್ತಿದ್ದ ದಿನ, ಇನ್‌ಸ್ಪೆಕ್ಟರು ಬಂದರು. ಹೇಳದೆ ಕೇಳದೆ ಬರುವುದೇ ಅವರ ಪದ್ಧತಿ. ಕೋಟು, ಪೇಟ, ಕೈಯಲ್ಲಿ ಕೆಂಪು ಪೆನ್ಸಿಲು. ಹಿಂದೆ ಹೆಡ್‌ಮೇಷ್ಟ್ರು, ಪೂಜೆಗೆ ನಿಂತವರ ಹಾಗೆ ಕೈ ಕಟ್ಟಿಕೊಂಡು. ಹಲಗೆಯ ಮೇಲೆ ನನ್ನ ಪಟ್ಟಿ ಪೂರ್ತಿಯಾಗಿತ್ತು. ಮೇಲಿನಿಂದ ಕೆಳಗಿಳಿಯುವ ಮೂರು ಸಾಲು. ಮೊದಲ ಸಾಲು ಮೈಲಿ, ಎರಡನೆಯದು ಆವೃತ್ತಿ, ಅದರ ಕೆಳಗೆ ಒಟ್ಟು. ಮೂರನೆಯದು ಸಂಚಿತ ಆವೃತ್ತಿ, ಅದರ ಕೆಳಗೆ ಖಾಲಿ. ಸಂಚಿತಕ್ಕೆ ಒಟ್ಟು ಬರೆಯುವಂತಿಲ್ಲ, ಏಕೆಂದರೆ ಅದರ ಕೊನೆಯ ಮನೆಯೇ ಒಟ್ಟು. ಮತ್ತೆ ಕೂಡಿಸಿದರೆ ಒಂದೇ ಮಗುವನ್ನು ಎರಡು ಮೂರು ಸಲ ಎಣಿಸಿದ ಹಾಗೆ.

ಇನ್‌ಸ್ಪೆಕ್ಟರು ಪೆನ್ಸಿಲನ್ನು ಆ ಖಾಲಿ ಜಾಗಕ್ಕೆ ತೋರಿಸಿದರು. ‘ಇದರ ಟೋಟಲ್ ಎಲ್ಲಿ?’

‘ಸಾರ್, ಇದಕ್ಕೆ...’

‘ಪ್ರತಿ ಕಾಲಮ್ಮಿಗೂ ಟೋಟಲ್ ಇರಬೇಕು. ಅರ್ಧ ಕೆಲಸ ಬಿಟ್ಟರೆ ಮಕ್ಕಳೂ ಅರ್ಧವೇ ಕಲಿಯುತ್ತಾರೆ. ಕೂಡಿಸಿ.’

ಇವರಿಗೆ ಪಾಠ ಗೊತ್ತಿಲ್ಲ ಎಂದು ನನಗೆ ಆಗಲೇ ತಿಳಿಯಿತು. ಇಲ್ಲವೇ ಗೊತ್ತಿದ್ದೂ ನನ್ನನ್ನು ಪರೀಕ್ಷಿಸುತ್ತಿದ್ದಾರೋ ಎಂಬ ಅನುಮಾನವೂ ಬಂತು. ಎರಡರಲ್ಲಿ ಯಾವುದೆಂದು ಗೊತ್ತಾಗದೆ ನಾನು ಸೀಮೆಸುಣ್ಣ ತೆಗೆದುಕೊಂಡು ಗೆರೆ ಎಳೆದೆ. ಸಂಚಿತ ಆವೃತ್ತಿಯ ಸಾಲನ್ನು ಕೂಡಿಸಿ ‘ಒಟ್ಟು’ ಎಂದು ಬರೆದೆ. ಮಕ್ಕಳು ಬರೆದುಕೊಂಡರು. ‘ಎಷ್ಟು ಭಾಗ ಅಂತ ಕೇಳಿದರೆ ಈ ಒಟ್ಟಿನಿಂದ ಭಾಗಿಸಬೇಕು, ಅಲ್ಲವೇ?’ ಎಂದರು ಇನ್‌ಸ್ಪೆಕ್ಟರು. ನಾನು ತಲೆಯಾಡಿಸಿದೆ. ನನ್ನ ಪಾಠ ಟಿಪ್ಪಣಿಯಲ್ಲೂ ಅದನ್ನು ಸೇರಿಸಲು ಹೇಳಿ, ಕೆಳಗೆ ಕೆಂಪು ಪೆನ್ಸಿಲಿನಲ್ಲಿ ‘ಉತ್ತಮ’ ಎಂದು ಬರೆದು ಸಹಿ ಹಾಕಿದರು.

ಮುಂದಿನ ಸರದಿಗೆ ಬಂದಾಗ ಸರಿಮಾಡೋಣ ಎಂದುಕೊಂಡಿದ್ದೆ. ಮರುದಿನ ದಾವಣಗೆರೆಯ ಸರದಿ. ಆ ಶಾಲೆಗೂ ಇನ್‌ಸ್ಪೆಕ್ಟರು ಬರುತ್ತಾರೆ ಎಂಬ ಸುದ್ದಿ ಹಬ್ಬಿತ್ತು. ಕೈಯಲ್ಲಿ ‘ಉತ್ತಮ’ ಎಂದು ಬರೆದ ಟಿಪ್ಪಣಿ ಇತ್ತು. ಅದನ್ನೇ ಹಲಗೆಗಿಳಿಸಿದೆ. ಅವರು ಬರಲಿಲ್ಲ. ಮುಂದಿನ ವಾರ ಬಡ್ಡಿಯ ಲೆಕ್ಕ ಶುರುವಾಯಿತು. ಆಮೇಲೆ ನಾನು ಮರೆತೆ. ಮರೆತೆ ಎಂದೇ ಇಷ್ಟು ವರ್ಷ ಹೇಳಿಕೊಂಡು ಬಂದಿದ್ದೇನೆ. ಈಗ ಅದರ ಮೇಲೂ ನನಗೆ ಪೂರ್ತಿ ನಂಬಿಕೆಯಿಲ್ಲ.

ಅರ್ಧವಾರ್ಷಿಕ ಪರೀಕ್ಷೆ ಬಂತು. ಎರಡು ಶಾಲೆಗೂ ಒಂದೇ ಗಣಿತದ ಪತ್ರಿಕೆ, ಬರೆದವನು ನಾನು, ತಿದ್ದುವವನೂ ನಾನು. ಒಂದು ಪ್ರಶ್ನೆ ಹೀಗಿತ್ತು: ಒಂದು ಊರಿನಲ್ಲಿ ಮೂವತ್ತು ಮನೆ. ಬಾವಿಯಿಂದ ಒಂದು ಫರ್ಲಾಂಗಿನೊಳಗೆ ಎಂಟು ಮನೆ, ಒಂದರಿಂದ ಎರಡು ಫರ್ಲಾಂಗಿಗೆ ಹನ್ನೆರಡು, ಎರಡರಿಂದ ಮೂರಕ್ಕೆ ಆರು, ಮೂರರಿಂದ ನಾಲ್ಕಕ್ಕೆ ನಾಲ್ಕು. ಎರಡು ಫರ್ಲಾಂಗಿನೊಳಗಿರುವ ಮನೆಗಳು ಎಷ್ಟು ಭಾಗ? ಎಂಟು, ಹನ್ನೆರಡು ಸೇರಿ ಇಪ್ಪತ್ತು. ಮೂವತ್ತರಲ್ಲಿ ಇಪ್ಪತ್ತು, ಅಂದರೆ ಮೂರರಲ್ಲಿ ಎರಡು. ನೆಟ್ಟಗೆ ಇರುವ ಉತ್ತರ.

ಹರಿಹರದ ಉತ್ತರ ಪತ್ರಿಕೆಗಳ ಕಟ್ಟು ಬಿಚ್ಚಿ ತಿದ್ದುತ್ತ ಕೂತೆ. ಮೊದಲ ಹುಡುಗ ಬರೆದಿದ್ದ: ಇಪ್ಪತ್ತೊಂದರಲ್ಲಿ ಐದು. ಇದೆಲ್ಲಿಂದ ತಂದ ಎಂದು ನಕ್ಕೆ. ಎರಡನೆಯವಳು: ಇಪ್ಪತ್ತೊಂದರಲ್ಲಿ ಐದು. ಮೂರನೆಯವನೂ ಅದೇ. ಹತ್ತನೆಯದಕ್ಕೆ ಬರುವ ಹೊತ್ತಿಗೆ ನನ್ನ ನಗು ಹೋಗಿತ್ತು. ಮಕ್ಕಳು ತಪ್ಪು ಮಾಡಿದರೆ ಒಬ್ಬೊಬ್ಬರೂ ಒಂದೊಂದು ತರಹ ಮಾಡುತ್ತಾರೆ. ಇಂಥ ವಿಚಿತ್ರ ಸಂಖ್ಯೆ ಇಷ್ಟೊಂದು ಹಾಳೆಗಳಲ್ಲಿ ಕೂತಿದೆ ಎಂದರೆ ಯಾರೋ ಒಬ್ಬರು ಹೇಳಿಕೊಟ್ಟಿರಬೇಕು. ಎಣಿಸಿದೆ, ಇಪ್ಪತ್ನಾಲ್ಕು ಪತ್ರಿಕೆ. ಕೆಲವರು ಆ ಪ್ರಶ್ನೆಯನ್ನೇ ಮುಟ್ಟಿರಲಿಲ್ಲ.

ಅಂದು ಆ ಕೋಣೆಯ ಮೇಲ್ವಿಚಾರಣೆ ಗೌರಮ್ಮನವರದು. ತಟ್ಟಿಯ ಆ ಕಡೆಯಿಂದ ನನ್ನ ಪಾಠವನ್ನು ಅರ್ಧಂಬರ್ಧ ಕೇಳಿದ್ದವರು, ಮಕ್ಕಳಿಗೆ ಸಹಾಯ ಮಾಡಲು ಹೋಗಿ ತಪ್ಪು ಹೇಳಿಕೊಟ್ಟಿದ್ದಾರೆ. ಎಲ್ಲಾ ಹೊಂದಿಕೊಂಡಿತು. ಅಷ್ಟು ಚೆನ್ನಾಗಿ ಹೊಂದಿಕೊಂಡಾಗಲೇ ನಾನು ಅನುಮಾನಪಡಬೇಕಿತ್ತು. ಅವತ್ತೊಂದು ದಿನ ನನ್ನ ಆ ಗುಣ ಮಲಗಿಬಿಟ್ಟಿತ್ತು.

ದಾವಣಗೆರೆಯ ಕಟ್ಟನ್ನೂ ನೋಡಿದೆ. ಅದರಲ್ಲೂ ಹನ್ನೆರಡು ಮಂದಿ ಅದನ್ನೇ ಬರೆದಿದ್ದರು. ದಾವಣಗೆರೆಯಲ್ಲಿ ಹನ್ನೆರಡು, ಹರಿಹರದಲ್ಲಿ ಅದರ ಎರಡರಷ್ಟು. ದಾವಣಗೆರೆಯದು ಮಕ್ಕಳ ಅಜಾಗರೂಕತೆ, ಹರಿಹರದ್ದು ಕಳ್ಳತನ ಎಂದು ತೀರ್ಮಾನಿಸಿದೆ. ಮರುದಿನ ಹರಿಹರದ ಹೆಡ್‌ಮೇಷ್ಟ್ರಿಗೆ ಗೌರಮ್ಮನವರ ಮೇಲೆ ನಾಲ್ಕು ಪುಟದ ವರದಿ ಬರೆದುಕೊಟ್ಟೆ. ‘ದಾವಣಗೆರೆಗಿಂತ ಹರಿಹರದಲ್ಲಿ ಈ ತಪ್ಪು ಎರಡು ಪಟ್ಟು’ ಎಂಬ ಸಾಲಿನ ಕೆಳಗೆ ಗೆರೆ ಎಳೆದಿದ್ದೆ. ಸರಿಯುತ್ತರ ಬರೆದ ಮೂವರು ಮಾತ್ರ ಪ್ರಾಮಾಣಿಕರು ಎಂದು ಅವರ ಹೆಸರನ್ನೂ ಬರೆದೆ. ಹೆಡ್‌ಮೇಷ್ಟ್ರು ನಿಂತುಕೊಂಡೇ ಓದಿ ಮುಗಿಸಿದರು.

‘ಬರೋಬ್ಬರಿ ಬರ್ದೀರಿ. ಇವತ್ತೇ ಮ್ಯಾಲಕ್ಕೆ ಕಳಿಸ್ತೀನಿ’ ಎಂದರು. ಅವರು ಯಾವ ಕಾಗದವನ್ನೂ ಅದೇ ದಿನ ಕಳಿಸಿದ್ದನ್ನು ನಾನು ಕಂಡಿರಲಿಲ್ಲ. ಗೌರಮ್ಮನವರ ಜಾಗಕ್ಕೆ ಅವರ ಮನಸ್ಸಿನಲ್ಲಿ ಬೇರೆ ಯಾರೋ ಇದ್ದಾರೆ ಎಂಬ ಅನುಮಾನ ಆಗ ಬಂತು. ಆದರೆ ವರದಿ ಅವರ ಕೈಯಲ್ಲಿತ್ತು.

ಎರಡು ದಿನ ಬಿಟ್ಟು ನಾನು ಹರಿಹರಕ್ಕೆ ಹೋದಾಗ ಗೌರಮ್ಮನವರು ತಟ್ಟಿ ಸರಿಸಿ ನನ್ನ ಕೋಣೆಗೇ ಬಂದರು. ಊಟದ ಬಿಡುವು, ಮಕ್ಕಳು ಹೊರಗಿದ್ದರು. ಅವರ ಕೈಯಲ್ಲಿ ಒಂದು ನೋಟು ಪುಸ್ತಕ ಇತ್ತು. ಕೂಗಾಡುತ್ತಾರೆ ಎಂದುಕೊಂಡಿದ್ದೆ. ಅವರು ಬೆಂಚಿನ ಮೇಲೆ ಕೂತು, ಸೆರಗಿನಿಂದ ಮುಖ ಒರೆಸಿಕೊಂಡು ಕೇಳಿದರು.

‘ಇಪ್ಪತ್ನಾಕು ಹುಡುಗ್ರು ಕಾಪಿ ಹೊಡದ್ರು ಅಂತ ಬರದೀರಂತೆ. ಎಷ್ಟರಾಗ ಮೇಷ್ಟ್ರೇ?’

‘ಏನು?’

‘ನೀವೇ ದಿನಾ ಕೇಳ್ತಿದ್ರಲ್ಲ. ಇಪ್ಪತ್ನಾಕು ಅಂದ್ರ ಎಷ್ಟರಾಗ?’

‘ಮೂವತ್ತೆರಡರಾಗ’ ಎಂದೆ.

‘ದಾವಣಗೆರ್ಯಾಗೆ?’

‘ಅಲ್ಲಿ ಬರೇ ಹನ್ನೆರಡು.’

‘ಎಷ್ಟರಾಗ ಅಂದೆ ನಾನು.’

ದಾವಣಗೆರೆಯಲ್ಲಿ ನನ್ನ ಪಾಲಿಗಿದ್ದದ್ದು ಹೆಣ್ಣುಮಕ್ಕಳ ಒಂದು ಸಣ್ಣ ವಿಭಾಗ. ಹದಿನಾರು ಮಂದಿ. ಹದಿನಾರರಲ್ಲಿ ಹನ್ನೆರಡು, ಮೂವತ್ತೆರಡರಲ್ಲಿ ಇಪ್ಪತ್ನಾಲ್ಕು. ಎರಡೂ ನಾಲ್ಕರಲ್ಲಿ ಮೂರು. ಒಂದು ಕೂದಲೆಳೆಯೂ ವ್ಯತ್ಯಾಸವಿಲ್ಲ. ಇದನ್ನೇ ವರ್ಷವರ್ಷವೂ ಮಕ್ಕಳಿಗೆ ಕಲಿಸಿದವನು ಗೆರೆ ಎಳೆದು ‘ಎರಡು ಪಟ್ಟು’ ಎಂದು ಬರೆದುಕೊಟ್ಟಿದ್ದೆ. 

‘ನಾನು ಹರಿಹರದಾಗೆ ಇದ್ದೆ. ದಾವಣಗೆರಿಗೂ ಹೋಗಿ ಹೇಳಿಕೊಟ್ಟೆನೇನು?’ ಎಂದು ಅವರು ನೋಟು ಪುಸ್ತಕ ತೆರೆದು ನನ್ನ ಮುಂದಿಟ್ಟರು. ಒಬ್ಬ ಹುಡುಗ ಹಲಗೆ ನೋಡಿ ಬರೆದುಕೊಂಡ ಪಾಠ. ಸಂಚಿತ ಆವೃತ್ತಿಯ ಸಾಲಿನ ಕೆಳಗೆ ಗೆರೆ, ಗೆರೆಯ ಕೆಳಗೆ ‘ಒಟ್ಟು’. ‘ಇದು ನಿಮ್ಮ ಹಲಗಿದು. ಇನ್‌ಸ್ಪೆಕ್ಟರು ಬಂದ ದಿನದ್ದು. ನಾನು ತಟ್ಟಿ ಹಿಂದೆ ಕೇಳ್ತಿದ್ದೆ. ಇದೇನು ಮೇಷ್ಟ್ರು ಇವತ್ತು ಬ್ಯಾರೆ ಹೇಳ್ತಾರಲ್ಲ ಅನ್ಕಂಡೆ. ಗಣಿತದೋರು, ಅವರಿಗೆ ಗೊತ್ತಿರ್ತೈತೆ ಅಂತ ಸುಮ್ಮನಾದೆ.’

ನಾನು ಅಲ್ಲೇ ಸೀಮೆಸುಣ್ಣ ಹಿಡಿದು ಬಾವಿಯ ಲೆಕ್ಕ ಮಾಡಿದೆ. ಎಂಟು, ಇಪ್ಪತ್ತು, ಇಪ್ಪತ್ತಾರು, ಮೂವತ್ತು. ಇವನ್ನು ಕೂಡಿಸಿದರೆ ಎಂಬತ್ನಾಲ್ಕು. ಇಪ್ಪತ್ತನ್ನು ಎಂಬತ್ನಾಲ್ಕರಿಂದ ಭಾಗಿಸಿ ಸುಲಭ ಮಾಡಿದರೆ ಇಪ್ಪತ್ತೊಂದರಲ್ಲಿ ಐದು. ಒಂದು ಮಗುವೂ ನಕಲು ಮಾಡಿರಲಿಲ್ಲ. ಒಬ್ಬೊಬ್ಬರೂ ಕೂತು, ನಾನು ಹೇಳಿಕೊಟ್ಟ ಹಾಗೆಯೇ ಮಾಡಿದ್ದರು. ಹಾಜರಿ ಪುಸ್ತಕ ತೆಗೆದು ನೋಡಿದೆ. ನಾನು ಪ್ರಾಮಾಣಿಕರು ಎಂದು ಹೆಸರು ಬರೆದಿದ್ದ ಮೂವರೂ ಇನ್‌ಸ್ಪೆಕ್ಟರು ಬಂದ ದಿನ ಗೈರುಹಾಜರು. ಅದರ ಹಿಂದಿನ ಪಾಠ ಮಾತ್ರ ಕೇಳಿದ್ದರು.

‘ಅಕ್ಕೋರೇ, ತಪ್ಪಾತು’ ಎಂದೆ.

‘ನನಗೆ ಹೇಳಬ್ಯಾಡ್ರಿ. ಹೇಳಬೇಕಾದೋರಿಗೆ ಹೇಳ್ರಿ. ಬಿರ್‍ರನೆ ಹೇಳ್ರಿ’ ಎಂದು ಅವರು ಎದ್ದು ಹೋದರು. ತಟ್ಟಿಯನ್ನು ಮತ್ತೆ ಸರಿಯಾಗಿ ನಿಲ್ಲಿಸಿ ಹೋದರು.

ಈಗ ಬರೆಯಲು ಕಷ್ಟವಾಗುವ ಭಾಗ. ಅಂದು ಸಂಜೆಯ ರೈಲಿಗೆ ಮೊದಲೇ ನಾನು ವರದಿ ವಾಪಸು ಪಡೆಯುವ ಪತ್ರ ಬರೆದೆ. ನಾಲ್ಕು ಪುಟ ಆರೋಪ ಬರೆದವನು ಅರ್ಧ ಪುಟ ಬರೆದೆ. ‘ಬೋಧನೆಯಲ್ಲಿ ಆದ ಸಣ್ಣ ಲೋಪದಿಂದ ಮಕ್ಕಳು ಒಂದೇ ಬಗೆಯ ಉತ್ತರ ಬರೆದಿರುವ ಸಂಭವವಿದೆ.’ ಸಣ್ಣ ಲೋಪ ಎಂದೆ, ಸಂಭವ ಎಂದೆ, ಯಾರ ಲೋಪ ಎಂದು ಬರೆಯಲಿಲ್ಲ. ಕೆಂಪು ಪೆನ್ಸಿಲಿನ ‘ಉತ್ತಮ’ ಇದ್ದ ಟಿಪ್ಪಣಿಯನ್ನು ಪತ್ರದ ಜೊತೆ ಇಟ್ಟಿದ್ದರೆ ಎಲ್ಲವೂ ಒಂದು ನೋಟಕ್ಕೆ ತಿಳಿಯುತ್ತಿತ್ತು. ಆದರೆ ಪತ್ರವನ್ನು ಓದುವವರೂ ಅದೇ ಇನ್‌ಸ್ಪೆಕ್ಟರು. ಅವರ ತಪ್ಪನ್ನು ಅವರಿಗೇ ತೋರಿಸಿದರೆ ನನ್ನ ಗತಿ ಏನು ಎಂದು ಹೆದರಿದೆ. ಟಿಪ್ಪಣಿ ನನ್ನ ಟ್ರಂಕಿನಲ್ಲೇ ಉಳಿಯಿತು.

ನಮ್ಮ ಇಲಾಖೆಯಲ್ಲಿ ಯಾವ ಪತ್ರವೂ ನೇರವಾಗಿ ಮೇಲೆ ಹೋಗುವಂತಿಲ್ಲ, ಹೆಡ್‌ಮೇಷ್ಟ್ರ ಮೂಲಕವೇ ಹೋಗಬೇಕು. ಅವರು ನನ್ನ ಪತ್ರವನ್ನು ಓದಿ, ಮಡಿಸಿ, ಮೇಜಿನ ಮೇಲಿನ ಗಾಜಿನ ಗುಂಡಿನ ಕೆಳಗಿಟ್ಟರು. ‘ಹೋಗ್ತೈತೆ ಬಿಡ್ರಿ’ ಎಂದರು. ಮುಂದಿನ ವಾರ ನಾನು ಹೋದಾಗ ಅದು ಅಲ್ಲಿರಲಿಲ್ಲ. ಮೇಲೆ ಹೋಯಿತೋ, ಒಲೆಗೆ ಹೋಯಿತೋ ನನಗೆ ಇಂದಿಗೂ ಗೊತ್ತಿಲ್ಲ. ಎರಡು ಸಲ ಕೇಳಿದೆ. ಮೂರನೆಯ ಸಲ ಕೇಳಲಿಲ್ಲ.

ಮಾರ್ಚಿನಲ್ಲಿ ಗೌರಮ್ಮನವರಿಗೆ ಆದೇಶ ಬಂತು. ಹಂಗಾಮಿ ಸೇವೆಯನ್ನು ಮುಂದುವರಿಸಲಾಗುವುದಿಲ್ಲ ಎಂದು ಎರಡು ಸಾಲು. ಅವರು ಹೊಲಿಗೆ ತರಗತಿಯ ಸೂಜಿ, ಕತ್ತರಿಗಳನ್ನೆಲ್ಲ ಎಣಿಸಿ ಒಪ್ಪಿಸಿ, ಮಕ್ಕಳ ಹತ್ತಿರ ಮಾತಾಡಿ ಹೊರಟರು. ತಟ್ಟಿಯ ಸಂದಿಯಿಂದ ನಾನು ನೋಡುತ್ತಿದ್ದೆ. ಎದ್ದು ಹೋಗುವ ಧೈರ್ಯ ಆಗಲಿಲ್ಲ. ಮರುವಾರ ಆ ಜಾಗಕ್ಕೆ ಬಂದ ಹೊಸಬರು ಹೆಡ್‌ಮೇಷ್ಟ್ರನ್ನು ಮಾವ ಎಂದು ಕರೆಯುತ್ತಿದ್ದರು. ನನ್ನ ಅನುಮಾನಗಳಲ್ಲಿ ಇದೊಂದು ನಿಜವಾಯಿತು. ಅದರಿಂದ ಯಾರಿಗೂ ಏನೂ ಉಪಯೋಗವಾಗಲಿಲ್ಲ.

ವರ್ಷ ಕಳೆದ ಮೇಲೆ ಅವರಿಗೆ ಆನಗೋಡಿನ ಶಾಲೆಯಲ್ಲಿ ಮತ್ತೆ ಕೆಲಸ ಸಿಕ್ಕಿತು ಎಂದು ಕೇಳಿದೆ. ಹೊಸ ನೇಮಕ, ಸೇವೆಯ ಎಣಿಕೆ ಮತ್ತೆ ಮೊದಲ ದಿನದಿಂದ. ನನಗೆ ಹಗುರವಾಯಿತು. ಹಗುರವಾದದ್ದು ನನಗೆ ಮಾತ್ರ ಎಂದು ಆಗ ಹೊಳೆಯಲಿಲ್ಲ.

ಎರಡೂ ಶಾಲೆಯಲ್ಲಿ ಆ ಪಾಠವನ್ನು ಮತ್ತೆ ಮಾಡಿದೆ. ಹಲಗೆಯ ಮುಂದೆ ನಿಂತು, ನಾನು ತಪ್ಪು ಹೇಳಿಕೊಟ್ಟಿದ್ದೆ ಎಂದು ಮಕ್ಕಳಿಗೆ ಹೇಳಿದೆ. ಆಮೇಲೆ ಒಂದು ಪದ್ಧತಿ ಮಾಡಿಕೊಂಡೆ. ಪ್ರತಿ ಶನಿವಾರ ಹಲಗೆಯ ಮೇಲೆ ಬೇಕೆಂದೇ ಒಂದು ತಪ್ಪು ಲೆಕ್ಕ ಬರೆಯುವುದು, ಯಾರು ಹಿಡಿಯುತ್ತಾರೋ ಅವರು ಸೀಮೆಸುಣ್ಣ ತೆಗೆದುಕೊಂಡು ನನ್ನ ಅಂಕಿಗೆ ಅಡ್ಡಗೆರೆ ಹೊಡೆಯುವುದು. ಮೊದಮೊದಲು ಯಾರೂ ಏಳುತ್ತಿರಲಿಲ್ಲ. ಮೇಷ್ಟ್ರ ಅಂಕಿಗೆ ಗೆರೆ ಹೊಡೆಯುವುದು ಹೇಗೆ ಎಂದು ಹಿಂಜರಿಯುತ್ತಿದ್ದರು. ಒಂದೆರಡು ವರ್ಷದಲ್ಲಿ ನಾನು ಸರಿಯಾಗಿ ಬರೆದದ್ದಕ್ಕೂ ಗೆರೆ ಹೊಡೆಯಲು ಓಡಿ ಬರುತ್ತಿದ್ದರು. ಈಗ ಈ ಕೆಲಸಕ್ಕೆ ಬರುತ್ತಿರುವ ನಿಮಗೆ ನಾನು ಕೊಡಬಹುದಾದ ಬುದ್ಧಿವಾದ ಇದೊಂದೇ. ಅನುಮಾನವನ್ನು ಮಕ್ಕಳಿಗೆ ಕಲಿಸಿ, ಮೊದಲು ನಿಮ್ಮ ಮೇಲೆ ಪಡುವುದನ್ನು ಕಲಿಸಿ.

ಅರವತ್ತರ ಆಚೆ ಮೈಲಿ ಹೋಗಿ ಕಿಲೋಮೀಟರು ಬಂತು. ನಾನು ಹಳೆಯ ಪಟ್ಟಿಯನ್ನೆಲ್ಲ ಹೊಸ ಅಳತೆಗೆ ಬದಲಾಯಿಸಿದೆ. ಒಬ್ಬ ಹುಡುಗಿಯ ಅಜ್ಜ ಕೋಲೂರಿಕೊಂಡು ಶಾಲೆಗೇ ಬಂದರು. ‘ನಮ್ಮ ಮೊಮ್ಮಗಳು ಮೂರು ಮೈಲಿ ನಡೀತಿದ್ದಳು. ಈಗ ಐದು ಅಂತ ಬರದೀರಂತೆ. ದಾರಿ ಯಾವಾಗ ಉದ್ದ ಆತು?’ ನಾನು ಅವರನ್ನು ಕೂರಿಸಿ, ನೀರು ಕೊಟ್ಟು, ಅಳತೆ ಬೇರೆ, ದಾರಿ ಅದೇ ಎಂದು ವಿವರಿಸಿದೆ. ಅವರು ಪೂರ್ತಿ ಕೇಳಿಸಿಕೊಂಡು, ‘ಕಾಲಿಗೆ ಕೇಳ್ತೀನಿ ತಡಿ’ ಎಂದು ಎದ್ದು ಹೋದರು. ನಂಬದವರನ್ನು ಕಂಡರೆ ನನಗೆ ಅಷ್ಟು ಹೊತ್ತಿಗೆ ಗೌರವ ಹುಟ್ಟಿತ್ತು.

ಅರವತ್ತರ ದಶಕ ಮುಗಿಯುತ್ತ ಬಂದಾಗ, ಒಂದು ಭಾನುವಾರ ಬೆಳಿಗ್ಗೆ ದಾವಣಗೆರೆಯ ನಮ್ಮ ಮನೆಯ ಬಾಗಿಲಲ್ಲಿ ಗೌರಮ್ಮನವರು ನಿಂತಿದ್ದರು. ತಲೆ ಪೂರ್ತಿ ಬೆಳ್ಳಗಾಗಿತ್ತು. ಹನ್ನೆರಡು ವರ್ಷದಲ್ಲಿ ನಾನು ಅವರನ್ನು ಒಂದು ಸಲವೂ ಹುಡುಕಿಕೊಂಡು ಹೋಗಿರಲಿಲ್ಲ. ಆನಗೋಡು ಎಷ್ಟು ದೂರ ಎಂದು ನನಗೆ ಚೆನ್ನಾಗಿ ಗೊತ್ತಿತ್ತು.

‘ಬರ್‍ರಿ ಅಕ್ಕೋರೇ, ಕೂಡ್ರಿ’ ಎಂದೆ. ಬೈಯುವುದಕ್ಕೇ ಬಂದಿದ್ದಾರೆ ಎಂದು ಒಳಗೊಳಗೆ ಲೆಕ್ಕ ಹಾಕುತ್ತಿದ್ದೆ.

ಅವರು ಚೀಲದಿಂದ ತಮ್ಮ ಸರ್ವೀಸ್ ಪುಸ್ತಕ ತೆಗೆದರು. ‘ಈ ತಿಂಗಳು ರಿಟೈರ್ ಆಗ್ತೀನ್ರಿ. ಎಷ್ಟು ವರ್ಷ ಸೇವೆ ಅಂತ ಆಫೀಸಿನಾಗೆ ಕೂಡಿಸಿ ಬರದಾರೆ. ನನಗೆ ಯಾಕೋ ಅನುಮಾನ. ಗಣಿತದೋರು ನೀವು, ಒಂದ್ಸಲ ನೋಡ್ರಿ.’

ನಾನು ಕನ್ನಡಕ ಹಾಕಿಕೊಂಡು ಪುಟ ತಿರುವಿದೆ. ಮೊದಲ ಸಾಲು ಆನಗೋಡು. ಅದಕ್ಕಿಂತ ಮೇಲೆ ಏನೂ ಇರಲಿಲ್ಲ. ಹರಿಹರ ಎಂಬ ಊರೇ ಆ ಪುಸ್ತಕದಲ್ಲಿ ಇರಲಿಲ್ಲ. ಒಂದೊಂದು ಮನೆಯನ್ನೂ ಕೂಡಿಸುತ್ತ ಇಳಿದೆ. ಎಂದಿಗೂ ಕಡಿಮೆಯಾಗುವುದಿಲ್ಲ ಎಂದು ಮೇಜು ಕುಟ್ಟಿ ಹೇಳುತ್ತಿದ್ದ ಸಾಲು ಅದೇ. ಮೇಲಿನ ಆರು ವರ್ಷ ಕಿತ್ತುಹೋಗಿ, ಸೊನ್ನೆಯಿಂದ ಮತ್ತೆ ಶುರುವಾಗಿತ್ತು. ಎರಡು ಸಲ ಕೂಡಿಸಿದೆ. ಆಫೀಸಿನವರು ಮಾಡಿದ ಲೆಕ್ಕದಲ್ಲಿ ತಪ್ಪಿರಲಿಲ್ಲ.

ನನ್ನ ಹೆಂಡತಿ ಕಾಫಿ ತಂದಿಟ್ಟು ಒಳಗೆ ಹೋದಳು. ಗೌರಮ್ಮನವರು ಲೋಟ ಮುಟ್ಟದೆ ನನ್ನ ಮುಖ ನೋಡುತ್ತಿದ್ದರು.

‘ಎಷ್ಟಾತ್ರೀ?’

‘ಹನ್ನೊಂದು’ ಎಂದೆ.

‘ಎಷ್ಟರಾಗ ಮೇಷ್ಟ್ರೇ?’

 ಪುಸ್ತಕ ಮುಚ್ಚಿ ಅವರ ಮುಂದಿಟ್ಟು ಹೇಳಿದೆ.

‘ಹದಿನೇಳರಾಗ.’

ಅವರು ತಲೆಯಾಡಿಸಿದರು. ಆಮೇಲೆ ಕಾಫಿ ಲೋಟ ಎತ್ತಿಕೊಂಡರು.